ಆಟದ ಹಬ್ಬ, ಮನೆಯ ಲೆಕ್ಕ

ಘಾಟಿ ಸುಬ್ರಹ್ಮಣ್ಯದಲ್ಲಿ ತೇರು ಎಳೆಯುವ ದಿನ ಟಿಕೆಟ್ಟಿನ ಮಾತೇ ಇಲ್ಲ. ಪುಷ್ಯ ಶುದ್ಧ ಷಷ್ಠಿಯಂದು ದೊಡ್ಡಬಳ್ಳಾಪುರ ತಾಲ್ಲೂಕಿನ ಆ ಕ್ಷೇತ್ರಕ್ಕೆ ಹೋದವರು ತೇರಿನ ಮುಂದೆಯೂ ನಿಲ್ಲಬಹುದು, ಹಿಂದೆಯೂ ನಿಲ್ಲಬಹುದು; ಕೈಗೆ ಎಟುಕಿದರೆ ಹಗ್ಗವನ್ನೂ ಹಿಡಿಯಬಹುದು. ಮುಂದಿನ ಸಾಲಿಗೊಂದು ದರ, ಹಿಂದಿನ ಸಾಲಿಗೊಂದು ದರ ಎಂಬ ಭೇದ ತೇರುಬೀದಿಯಲ್ಲಿ ಹುಟ್ಟಿಲ್ಲ. ಹಾಗೆಂದು ಜಾತ್ರೆ ಪುಕ್ಕಟೆಯಾಗಿ ನಡೆಯುತ್ತದೆಯೆ? ಖಂಡಿತ ಇಲ್ಲ. ಬಂದವರು ಬಸ್ಸಿಗೆ ಕೊಟ್ಟಿದ್ದಾರೆ, ಹಣ್ಣುಕಾಯಿಗೆ ಕೊಟ್ಟಿದ್ದಾರೆ, ಹುಂಡಿಗೆ ಹಾಕಿದ್ದಾರೆ. ಬಾರದವರೂ ರಸ್ತೆಗೆ, ಪೊಲೀಸು ಪಹರೆಗೆ, ನೀರಿನ ಏರ್ಪಾಡಿಗೆ ತೆರಿಗೆಯ ರೂಪದಲ್ಲಿ ತಮ್ಮ ಪಾಲನ್ನು ಸಲ್ಲಿಸಿದ್ದಾರೆ. ಹಬ್ಬ ಯಾವುದೇ ಇರಲಿ, ಖರ್ಚನ್ನು ಯಾರೋ ಒಬ್ಬರು ಹೊರಲೇಬೇಕು. ಹೊರುವವರು ಯಾರು, ಎಷ್ಟು ಹೊರುತ್ತಾರೆ, ಹೊತ್ತವರಿಗೆ ಸಿಗುವುದೇನು ಎಂಬುದಷ್ಟೇ ವಿಚಾರ ಮಾಡಬೇಕಾದ ಸಂಗತಿ.

ಈ ವಿಚಾರ ಈಗ ನಾಡಿನ ಮನೆಬಾಗಿಲಿಗೇ ಬಂದು ನಿಂತಿದೆ. 2025ರ ನವೆಂಬರ್ 26ರಂದು ಸ್ಕಾಟ್ಲೆಂಡಿನ ಗ್ಲಾಸ್ಗೋ ನಗರದಲ್ಲಿ ಸೇರಿದ ಕಾಮನ್‌ವೆಲ್ತ್ ಕ್ರೀಡಾಸಂಸ್ಥೆಯ ಮಹಾಸಭೆ 2030ರ ಕೂಟವನ್ನು ಅಹಮದಾಬಾದಿಗೆ ವಹಿಸಿಕೊಟ್ಟಿತು. 1930ರಲ್ಲಿ ಕೆನಡಾದ ಹ್ಯಾಮಿಲ್ಟನ್ ನಗರದಲ್ಲಿ ಮೊದಲಾದ ಈ ಕೂಟಕ್ಕೆ ಅದು ನೂರು ತುಂಬುವ ವರ್ಷ. ಅದಕ್ಕೂ ಹಿಂದೆ, 2024ರ ಅಕ್ಟೋಬರ್ 1ರಂದು, 2036ರ ಒಲಿಂಪಿಕ್ ಕ್ರೀಡೆಗಳನ್ನು ನಡೆಸಿಕೊಡುವ ಇಚ್ಛೆಯನ್ನು ತಿಳಿಸಿ ಭಾರತವು ಅಂತರರಾಷ್ಟ್ರೀಯ ಒಲಿಂಪಿಕ್ ಸಮಿತಿಗೆ ಪತ್ರ ಕೊಟ್ಟಾಗಿತ್ತು. ಲೋಕದ ಓಟಗಾರರೂ ಈಜುಗಾರರೂ ಜಟ್ಟಿಗಳೂ ಒಂದೇ ಊರಿನಲ್ಲಿ ನೆರೆಯುವ ಹಬ್ಬವನ್ನು ನೋಡುವ ಆಸೆ ಯಾರಿಗಿಲ್ಲ? ದೇವನಹಳ್ಳಿಯ ವಿಮಾನ ನಿಲ್ದಾಣದಿಂದ ದಿನವೂ ವಿಮಾನಗಳು ಏಳುವುದನ್ನು ಅಂಗಳದಲ್ಲಿ ನಿಂತು ನೋಡುವ ಮಕ್ಕಳಿಗೆ, ತಾವೂ ಒಮ್ಮೆ ಅಂಥ ಕೂಟಕ್ಕೆ ಹೋಗಬೇಕೆಂದು ಅನ್ನಿಸಿದರೆ ಅದರಲ್ಲಿ ತಪ್ಪಿಲ್ಲ. ಆದರೆ ಆಸೆಯ ಹಿಂದೆ ಲೆಕ್ಕವೂ ನಡೆದು ಬರುತ್ತದೆ.

ಇನ್ನೂರು ರೂಪಾಯಿಯ ಸಂಜೆ

ದೂರದ ಮಾತನ್ನು ಆಡುವುದಕ್ಕೆ ಮೊದಲು ಹತ್ತಿರದ ಒಂದು ಉದಾಹರಣೆಯನ್ನು ನೋಡಬಹುದು. 2025ರ ಜುಲೈ 5, ಶನಿವಾರ ಸಂಜೆ, ಬೆಂಗಳೂರಿನ ಶ್ರೀ ಕಂಠೀರವ ಕ್ರೀಡಾಂಗಣದಲ್ಲಿ ಅಂತರರಾಷ್ಟ್ರೀಯ ಭರ್ಜಿ ಎಸೆತದ ಸ್ಪರ್ಧೆಯೊಂದು ನಡೆಯಿತು. ಟೋಕಿಯೋದಲ್ಲಿ ಚಿನ್ನವನ್ನೂ ಪ್ಯಾರಿಸಿನಲ್ಲಿ ಬೆಳ್ಳಿಯನ್ನೂ ಗೆದ್ದ ನೀರಜ್ ಚೋಪ್ರಾ ಅವರ ಹೆಸರಿನಲ್ಲೇ ನಡೆದ ಆ ಸ್ಪರ್ಧೆಯಲ್ಲಿ ಅವರೇ 86.18 ಮೀಟರ್ ಎಸೆದು ಗೆದ್ದರು. ಕೀನ್ಯಾದ ಜೂಲಿಯಸ್ ಯೆಗೊ ಎರಡನೆಯವರಾದರು. ಇದು ಹಲವು ಆಟಗಳ ಮಹಾಕೂಟವಲ್ಲ, ಒಂದೇ ಆಟದ ಪಂದ್ಯ, ನಿಜ. ಆದರೂ ಲೋಕದ ಪ್ರಸಿದ್ಧ ಕ್ರೀಡಾಪಟುಗಳನ್ನು ಕಣ್ಣೆದುರಿಗೆ ಕಾಣಲು ಒಂದು ಸಂಸಾರಕ್ಕೆ ಏನು ಬೀಳುತ್ತದೆಂಬ ಲೆಕ್ಕಕ್ಕೆ ಇದಕ್ಕಿಂತ ಹತ್ತಿರದ ಅಳತೆಗೋಲು ಸಿಗದು. ಟಿಕೆಟ್ಟಿನ ದರ 199 ರೂಪಾಯಿಗೆ ಆರಂಭವಾಗಿ 9,999 ರೂಪಾಯಿಯವರೆಗೆ ಏರಿತ್ತು. ಹದಿನೈದು ಮಂದಿ ಕೂಡಬಹುದಾದ ವಿಶೇಷ ಅಂಕಣಗಳಿಗೆ 44,999 ರೂಪಾಯಿ.

ದೊಡ್ಡಬಳ್ಳಾಪುರದಲ್ಲಿ ನಾಲ್ಕು ಮಗ್ಗಗಳನ್ನಿಟ್ಟುಕೊಂಡು ರೇಷ್ಮೆ ಸೀರೆ ನೇಯುವ ಒಂದು ಮನೆಯನ್ನು ಕಲ್ಪಿಸಿಕೊಳ್ಳಬಹುದು. ಗಂಡ, ಹೆಂಡತಿ, ಶಾಲೆಯ ಓಟದಲ್ಲಿ ಬಹುಮಾನ ತಂದ ಮಗಳು, ಚಿಕ್ಕ ಮಗ. ಅಂಥ ಮನೆಯಲ್ಲಿ ಸಂವಾದ ಹೀಗೆ ನಡೆದೀತು:

“ಅಪ್ಪಾ, ಟೀವಿಯಲ್ಲಿ ಈಟಿ ಬಂದು ಬಿದ್ದಿದ್ದಷ್ಟೇ ಕಾಣುತ್ತೆ. ಹೋಗುವುದು ಕಾಣುವುದೇ ಇಲ್ಲ.”

“ನಾಲ್ಕು ಜನಕ್ಕೆ ಎಷ್ಟಾಗುತ್ತೆ ಅಂತ ಮೊದಲು ನಿಮ್ಮಮ್ಮನನ್ನು ಕೇಳು, ಮಗಳೇ.”

ಅಮ್ಮನ ಲೆಕ್ಕ ಬೆರಳ ತುದಿಯಲ್ಲೇ ಇರುತ್ತದೆ. ಅಗ್ಗದ ಜಾಗದಲ್ಲಿ ನಾಲ್ಕು ಟಿಕೆಟ್ಟಿಗೆ 796 ರೂಪಾಯಿ. 2023ರ ಜೂನ್ 11ರಂದು ಆರಂಭವಾದ ಶಕ್ತಿ ಯೋಜನೆಯಿಂದಾಗಿ ಸಾಮಾನ್ಯ ಸರ್ಕಾರಿ ಬಸ್ಸಿನಲ್ಲಿ ತಾಯಿಗೂ ಮಗಳಿಗೂ ಟಿಕೆಟ್ಟಿನ ಹಣವಿಲ್ಲ. ತಂದೆಗೂ ಮಗನಿಗೂ ಉಂಟು. ಬುತ್ತಿ ಮನೆಯದೇ. ಆದರೆ ಶನಿವಾರ ಮಧ್ಯಾಹ್ನದಿಂದ ಮಗ್ಗ ನಿಲ್ಲುತ್ತದೆ. ರಾತ್ರಿ ಆಟ ಮುಗಿದ ಮೇಲೆ ಮಲಗಿದ ಹುಡುಗನನ್ನು ಹೆಗಲಿಗೆ ಹಾಕಿಕೊಂಡು ನಿಲ್ದಾಣಕ್ಕೆ ಬಂದು, ಕೊನೆಯ ಬಸ್ಸು ತಪ್ಪಿತೆಂದರೆ ಬಾಡಿಗೆ ಕಾರಿಗೆ ಕೊಡುವ ಹಣ ನಾಲ್ಕೂ ಟಿಕೆಟ್ಟುಗಳ ಬೆಲೆಯನ್ನು ನುಂಗಿಹಾಕಬಹುದು. ಹೊಸಕೋಟೆಯವರಿಗೆ ಕಾಡುಗೋಡಿಯವರೆಗೆ, ನೆಲಮಂಗಲದವರಿಗೆ ಮಾದಾವರದವರೆಗೆ ಮೆಟ್ರೋ ರೈಲು ಬಂದಿರುವುದು ಈ ಚಿಂತೆಯನ್ನು ಅಷ್ಟಿಷ್ಟು ಕಡಿಮೆ ಮಾಡಿದೆ. ದೊಡ್ಡಬಳ್ಳಾಪುರದ ಸಂಸಾರ ಕೈಗಡಿಯಾರವನ್ನು ನೋಡಿಕೊಂಡೇ ಆಟ ನೋಡಬೇಕು.

ಇಲ್ಲಿಂದ ಹೊರಡುವ ಮೊದಲ ಸತ್ಯವಿದು: ಟಿಕೆಟ್ಟಿನ ಮೇಲೆ ಅಚ್ಚಾದ ಬೆಲೆ ಆಟ ನೋಡುವ ಬೆಲೆಯಲ್ಲ, ಅದು ಆ ಬೆಲೆಯ ಒಂದು ಭಾಗ ಮಾತ್ರ. ಅದರ ಮೇಲೆ ತೆರಿಗೆಯೂ ಸೇರುತ್ತದೆ. 2025ರ ಸೆಪ್ಟೆಂಬರ್ 22ರಿಂದ ಜಾರಿಗೆ ಬಂದ ದರಗಳಂತೆ ಐಪಿಎಲ್ ಪಂದ್ಯಗಳ ಟಿಕೆಟ್ಟಿಗೆ ಶೇಕಡ 40ರಷ್ಟು ಜಿಎಸ್‌ಟಿ ಬಿದ್ದಿತು. ಮಾನ್ಯತೆ ಪಡೆದ ಇತರ ಕ್ರೀಡಾಕೂಟಗಳಿಗಾದರೋ 500 ರೂಪಾಯಿಯವರೆಗಿನ ಟಿಕೆಟ್ಟಿಗೆ ತೆರಿಗೆಯಿಲ್ಲ, ಅದನ್ನು ಮೀರಿದರೆ ಶೇಕಡ 18. ಬಡವನ ಟಿಕೆಟ್ಟನ್ನು ತೆರಿಗೆಯಿಂದ ಬಿಟ್ಟಿರುವುದು ವಿವೇಕದ ಕೆಲಸ.

ಹೊರನಾಡಿನ ದರಗಳು

ಒಲಿಂಪಿಕ್ ಕೂಟಗಳ ಲೆಕ್ಕ ಇದಕ್ಕಿಂತ ಎಷ್ಟೋ ಪಟ್ಟು ದೊಡ್ಡದು. 2012ರ ಲಂಡನ್ ಕೂಟದ ಉದ್ಘಾಟನೆಗೆ ಕನಿಷ್ಠ ದರ 20 ಪೌಂಡ್ 12 ಪೆನ್ಸ್; ಗರಿಷ್ಠ ದರ 2,012 ಪೌಂಡ್. ವರ್ಷದ ಅಂಕಿಯನ್ನೇ ದರದಲ್ಲಿ ಅಡಗಿಸಿಟ್ಟ ಈ ಚಮತ್ಕಾರವನ್ನು ಕಂಡು ನಕ್ಕವರು ಇದ್ದಿರಬಹುದು, ತೆತ್ತವರು ನಕ್ಕಿರಲಾರರು. ಆದರೆ ಅದೇ ಲಂಡನ್ನಿನವರು ಒಂದು ಒಳ್ಳೆಯ ಕ್ರಮವನ್ನೂ ತಂದರು. ಕೆಲವು ಪಂದ್ಯಗಳಲ್ಲಿ ಹದಿನಾರು ವರ್ಷದವರೆಗಿನ ಮಕ್ಕಳು ತಮ್ಮ ವಯಸ್ಸಿನಷ್ಟೇ ಪೌಂಡ್ ಕೊಟ್ಟರೆ ಸಾಕು: ಏಳು ವರ್ಷದ ಮಗುವಿಗೆ ಏಳು ಪೌಂಡ್.

2024ರ ಪ್ಯಾರಿಸ್ ಕೂಟದಲ್ಲಿ ಅಗ್ಗದ ಟಿಕೆಟ್ 24 ಯೂರೋ, ಎಂದರೆ ಆಗಿನ ವಿನಿಮಯದಲ್ಲಿ ಎರಡು ಸಾವಿರ ರೂಪಾಯಿಗೆ ಸ್ವಲ್ಪ ಮೇಲೆ. ಹತ್ತು ಲಕ್ಷ ಟಿಕೆಟ್ಟುಗಳನ್ನು ಆ ದರಕ್ಕೆ ಇಡಲಾಗಿತ್ತು. ಉದ್ಘಾಟನೆ ಸೇನ್ ನದಿಯ ಮೇಲೆ ನಡೆದುದರಿಂದ ದಡದ ಕೆಳಮೆಟ್ಟಿಲ ಆಸನಗಳಿಗೆ 90ರಿಂದ 2,700 ಯೂರೋವರೆಗೆ ದರವಿತ್ತು. ಮೇಲಿನ ದಂಡೆಯಲ್ಲಿ ನಿಂತು ನೋಡುವವರಿಗೆ ಆಹ್ವಾನಪತ್ರದ ಮೇಲೆ ಉಚಿತ ಪ್ರವೇಶ. ಹಣವಿದ್ದವರು ನೀರಿನ ಹತ್ತಿರ, ಇಲ್ಲದವರು ಎತ್ತರದಲ್ಲಿ. ಹಡಗುಗಳು ಇಬ್ಬರ ಕಣ್ಣಿಗೂ ಬಿದ್ದವು. ಆದರೆ ಕೂಟದ ದಿನಗಳಲ್ಲಿ ಪ್ಯಾರಿಸಿನ ಮೆಟ್ರೋ ರೈಲಿನ ಬಿಡಿ ಟಿಕೆಟ್ 2.15 ಯೂರೋದಿಂದ 4 ಯೂರೋಗೆ ಏರಿತೆಂಬುದನ್ನು ಮರೆಯಬಾರದು. ಒಂದು ಕೈಯಲ್ಲಿ ಕೊಟ್ಟುದನ್ನು ಇನ್ನೊಂದು ಕೈಯಲ್ಲಿ ಹಿಂದಕ್ಕೆ ಪಡೆಯುವ ಈ ವಿದ್ಯೆ ಎಲ್ಲ ನಗರಗಳಿಗೂ ಗೊತ್ತು.

ಅಮೆರಿಕದ ಲಾಸ್ ಏಂಜಲೀಸಿನವರು 2028ರ ತಮ್ಮ ಕೂಟಕ್ಕೆ ಕನಿಷ್ಠ ದರವನ್ನು 28 ಡಾಲರ್ ಎಂದು ಸಾರಿದರು. ಟಿಕೆಟ್ ಬೇಕಾದವರು ಮೊದಲು ಹೆಸರು ನೋಂದಾಯಿಸಬೇಕು. ಅನಂತರ ಚೀಟಿ ಎತ್ತಿದಂತೆ ಯಾರ ಹೆಸರು ಬರುತ್ತದೋ ಅವರಿಗೆ ಕೊಳ್ಳುವ ಸಮಯವನ್ನು ಗೊತ್ತುಮಾಡಲಾಗುತ್ತದೆ. ಹೀಗಾಗಿ ಈಗಿನ ಕಾಲದಲ್ಲಿ ಹಣವೊಂದಿದ್ದರೆ ಸಾಲದು, ಅದೃಷ್ಟವೂ ಬೇಕು. ಇಂಥ ಕಡೆ ಕಳ್ಳ ಮಾರಾಟಗಾರರು ಹುಟ್ಟಿಕೊಳ್ಳುವುದು ಸಹಜ. ಅಧಿಕೃತ ಮಾರಾಟದ ಹೊರಗೆ ಕೊಂಡ ಟಿಕೆಟ್ ಬಾಗಿಲಲ್ಲಿ ನಡೆಯದೆ ಹೋದರೆ ವಿಮಾನದ ಖರ್ಚೂ ವಸತಿಯ ಖರ್ಚೂ ನೀರುಪಾಲು. ಹೊರನಾಡಿನಲ್ಲಿ ಮಗನೋ ಮಗಳೋ ಇರುವ ಮನೆಗಳವರು ಈ ಎಚ್ಚರಿಕೆಯನ್ನು ಮೊದಲೇ ತೆಗೆದುಕೊಳ್ಳುವುದು ಕ್ಷೇಮ.

ಬರಿದಾದ ಕುರ್ಚಿ

ಟಿಕೆಟ್ ಸಿಗದೆ ಸಾವಿರಾರು ಮಂದಿ ಹೊರಗಿದ್ದಾರೆ. ಒಳಗೆ ನೋಡಿದರೆ ಕುರ್ಚಿಗಳು ಬರಿದಾಗಿವೆ. ಲಂಡನ್ನಿನಲ್ಲಿ ಮೊದಲ ದಿನಗಳಲ್ಲಿ ಆದದ್ದು ಇದೇ. ಅಧಿಕಾರಿಗಳಿಗೆ, ಅತಿಥಿಗಳಿಗೆ ಕಾದಿರಿಸಿದ ಜಾಗಗಳಿಗೆ ಅನೇಕರು ಬರಲೇ ಇಲ್ಲ. ಕಡೆಗೆ ಕಾವಲಿಗೆ ಬಂದಿದ್ದ ಸೈನಿಕರನ್ನೂ, ಶಾಲೆಯ ಮಕ್ಕಳನ್ನೂ ಉಪಾಧ್ಯಾಯರನ್ನೂ ಕರೆದು ಕೂಡಿಸಬೇಕಾಯಿತು. ಮದುವೆಮನೆಯಲ್ಲಿ ದೊಡ್ಡವರಿಗೆಂದು ಕಾದಿರಿಸಿದ ಮುಂದಿನ ಸಾಲು ಖಾಲಿಯಾಗಿಯೇ ಇದ್ದು, ನೆಂಟರಿಷ್ಟರು ಹಿಂದೆ ನಿಂತುಕೊಂಡೇ ಧಾರೆ ನೋಡಿದ ಹಾಗೆ.

2010ರ ಅಕ್ಟೋಬರ್ 3ರಿಂದ 14ರವರೆಗೆ ದೆಹಲಿಯಲ್ಲಿ ನಡೆದ ಕಾಮನ್‌ವೆಲ್ತ್ ಕೂಟದ ಕಥೆಯೂ ಬೇರೆಯಲ್ಲ. ಆಟಗಳಿಗೆ ಟಿಕೆಟ್ 50 ರೂಪಾಯಿಗೇ ಆರಂಭವಾಗುತ್ತಿತ್ತು. ಉದ್ಘಾಟನೆಗೆ 1,000ದಿಂದ 50,000 ರೂಪಾಯಿ. ಐವತ್ತು ರೂಪಾಯಿ ಯಾರಿಗೂ ಭಾರವಲ್ಲ. ಆದರೂ ಮೊದಮೊದಲು ಅನೇಕ ಕ್ರೀಡಾಂಗಣಗಳಲ್ಲಿ ಆಟಗಾರರೇ ಹೆಚ್ಚು, ನೋಡುವವರೇ ಕಡಿಮೆ. ಮೈಸೂರಿನಲ್ಲಿ ಹುಟ್ಟಿದ ವಿಕಾಸ್ ಗೌಡ ಅವರು ಡಿಸ್ಕಸ್ ಎಸೆತದಲ್ಲಿ ಬೆಳ್ಳಿ ಗೆದ್ದುದೂ, ಕೊಡಗಿನ ಮನೆತನದ ಅಶ್ವಿನಿ ಪೊನ್ನಪ್ಪ ಅವರು ಜ್ವಾಲಾ ಗುಟ್ಟಾ ಅವರೊಡನೆ ಬ್ಯಾಡ್ಮಿಂಟನ್ನಿನಲ್ಲಿ ಚಿನ್ನ ಗೆದ್ದುದೂ ಅದೇ ಕೂಟದಲ್ಲಿ. ದರ ಅಗ್ಗವಾದ ಮಾತ್ರಕ್ಕೆ ಜನ ಬರುವುದಿಲ್ಲ. ಟಿಕೆಟ್ ಎಲ್ಲಿ ಸಿಗುತ್ತದೆ, ಯಾವ ಬಾಗಿಲಿಂದ ಹೋಗಬೇಕು, ಹೇಗೆ ಮರಳಬೇಕು ಎಂಬುದು ತಿಳಿದರೆ ಬರುತ್ತಾರೆ ಎಂಬ ಪಾಠವನ್ನು ಆ ಖಾಲಿ ಕುರ್ಚಿಗಳು ಹೇಳಿದವು.

ಟಿಕೆಟ್ ಎಂದರೆ ಒಂದು ಮಾತು

ಟಿಕೆಟ್ಟನ್ನು ಬರೇ ಹಣ ಕೀಳುವ ಚೀಟಿ ಎಂದು ಭಾವಿಸುವವರಿದ್ದಾರೆ. ಅದು ಸರಿಯಲ್ಲ. ಟಿಕೆಟ್ ಎಂದರೆ ನಡೆಸುವವರು ನೋಡುವವರಿಗೆ ಕೊಟ್ಟ ಮಾತು: ಇಷ್ಟು ಹೊತ್ತಿಗೆ, ಈ ಬಾಗಿಲಿನಿಂದ ಬನ್ನಿ, ಒಳಗೆ ನಿಮಗೊಂದು ಜಾಗವಿದೆ, ಕ್ಷೇಮವಾಗಿ ಬಂದು ಕ್ಷೇಮವಾಗಿ ಹೋಗಬಹುದು. ಆ ಮಾತು ಸ್ಪಷ್ಟವಾಗಿಲ್ಲದ ಕಡೆ ಏನಾಗಬಹುದೆಂಬುದನ್ನು ಬೆಂಗಳೂರು 2025ರ ಜೂನ್ 4ರಂದು ಕಂಡಿತು. ಹಿಂದಿನ ರಾತ್ರಿ ಅಹಮದಾಬಾದಿನಲ್ಲಿ ಬೆಂಗಳೂರಿನ ಕ್ರಿಕೆಟ್ ತಂಡ ಮೊದಲ ಬಾರಿಗೆ ಐಪಿಎಲ್ ಪ್ರಶಸ್ತಿಯನ್ನು ಗೆದ್ದಿತ್ತು. ಸುಮಾರು 35,000 ಮಂದಿ ಹಿಡಿಯುವ ಚಿನ್ನಸ್ವಾಮಿ ಕ್ರೀಡಾಂಗಣದ ಸುತ್ತ ಲಕ್ಷಗಟ್ಟಲೆ ಜನ ನೆರೆದರು. ಬಾಗಿಲುಗಳ ಬಳಿ ಆದ ನೂಕುನುಗ್ಗಲಿನಲ್ಲಿ ಹನ್ನೊಂದು ಮಂದಿ ಪ್ರಾಣ ಬಿಟ್ಟರು. ಸಂತೋಷವನ್ನು ಹಂಚಿಕೊಳ್ಳಲು ಹೊರಟವರು ಮನೆಗೆ ಮರಳಲಿಲ್ಲ. ಆ ಮನೆಗಳ ನಷ್ಟಕ್ಕೆ ಲೆಕ್ಕದ ಪುಸ್ತಕದಲ್ಲಿ ಅಂಕಣವಿಲ್ಲ.

ತಿಂಗಳು ತುಂಬಿದ ಮೇಲೆ, ಅಲ್ಲಿಗೆ ಸ್ವಲ್ಪವೇ ದೂರದ ಕಂಠೀರವದಲ್ಲಿ ಭರ್ಜಿಯ ಸ್ಪರ್ಧೆ ನಡೆದಾಗ ಜನ ಟಿಕೆಟ್ ಹಿಡಿದು ಬಂದರು, ಕುಳಿತರು, ಚಪ್ಪಾಳೆ ತಟ್ಟಿ ಎದ್ದು ಹೋದರು. ಎರಡೂ ಒಂದೇ ಬಗೆಯ ನೆರವಿಯಲ್ಲ; ಎರಡನ್ನೂ ಒಂದೇ ತಕ್ಕಡಿಯಲ್ಲಿ ತೂಗುವುದು ನ್ಯಾಯವಲ್ಲ. ಆದರೂ ಒಂದು ವಿಷಯ ನಿಶ್ಚಯ. ಎಷ್ಟು ಕುರ್ಚಿಗಳಿವೆಯೋ ಅಷ್ಟೇ ಟಿಕೆಟ್, ಆ ಟಿಕೆಟ್ ಯಾರ ಕೈಯಲ್ಲಿದೆಯೆಂಬುದು ಮನೆಯಿಂದ ಹೊರಡುವ ಮೊದಲೇ ಗೊತ್ತಿರುವುದು—ಇವು ಜೀವವನ್ನು ಕಾಯುವ ಕಟ್ಟಳೆಗಳು. ಉಚಿತ ಪ್ರವೇಶ ಉದಾರವಾದ ಮಾತು. ಆದರೆ ಉಚಿತವಾದ ಕುರ್ಚಿಗೂ ಸಂಖ್ಯೆ ಬೇಕು.

ಉಳಿದ ಹಣ ಯಾರದು?

ಟಿಕೆಟ್ ಮಾರಿದ ಹಣದಿಂದಲೇ ಮಹಾಕೂಟ ನಡೆಯುತ್ತದೆಯೆಂದು ತಿಳಿಯುವುದು ಭ್ರಮೆ. ಪ್ಯಾರಿಸಿನಲ್ಲಿ ಕೂಟವನ್ನು ನಡೆಸಿದ ಸಮಿತಿಯ ಆದಾಯದಲ್ಲಿ ಟಿಕೆಟ್ಟಿನ ಪಾಲು ಮೂರರಲ್ಲೊಂದರ ಆಸುಪಾಸು. ಉಳಿದುದು ದೂರದರ್ಶನದ ಹಕ್ಕು ಮತ್ತು ಜಾಹೀರಾತುದಾರರಿಂದ ಬಂತು. ಇದು ಬರೇ ಆಟ ನಡೆಸುವ ವೆಚ್ಚ. ರಸ್ತೆ, ರೈಲು, ಕ್ರೀಡಾಂಗಣ, ಕಾವಲು ಇವುಗಳಿಗೆ ಸರ್ಕಾರದ ಬೊಕ್ಕಸದಿಂದ ಹೋದದ್ದು 600 ಕೋಟಿ ಯೂರೋಗಳನ್ನು ಮೀರಿತೆಂದು ಅಲ್ಲಿನ ಲೆಕ್ಕಪರಿಶೋಧನಾ ಮಂಡಳಿ ಅನಂತರ ತಿಳಿಸಿತು. ಟೋಕಿಯೋದವರ ಪಾಡಂತೂ ಹೇಳತೀರದು. ಟಿಕೆಟ್ಟಿನಿಂದ ಸುಮಾರು 9,000 ಕೋಟಿ ಯೆನ್ ಬರುವುದೆಂದು ನೆಚ್ಚಿಕೊಂಡಿದ್ದರು. ಮಹಾಮಾರಿಯ ಕಾರಣದಿಂದ 2021ರಲ್ಲಿ ಬಹುತೇಕ ಪ್ರೇಕ್ಷಕರಿಲ್ಲದೆಯೇ ಕೂಟವನ್ನು ನಡೆಸಬೇಕಾಗಿ ಬಂದು, ಕೊಂಡವರಿಗೆ ಹಣವನ್ನು ಹಿಂದಿರುಗಿಸಿದರು.

‘ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು’ ಎಂದು ಹಿರಿಯರು ಹೇಳಿದ್ದಾರೆ. ಮಹಾಕೂಟವೆಂದರೆ ಮನೆಯನ್ನೂ ಕಟ್ಟಿ ಅದೇ ಮನೆಯಲ್ಲಿ ಮದುವೆಯನ್ನೂ ಮಾಡಿದಂತೆ. ಅದೂ ಮುಹೂರ್ತವನ್ನು ಏಳು ವರ್ಷ ಮೊದಲೇ ಲೋಕಕ್ಕೆಲ್ಲ ಸಾರಿ! ಮುಹೂರ್ತ ತಪ್ಪಿಸುವಂತಿಲ್ಲವೆಂದು ತಿಳಿದ ಗಾರೆಯವನೂ ಬಡಗಿಯೂ ಕೇಳಿದ್ದೇ ಕೂಲಿ. 1960ರಿಂದ ಈಚೆಗೆ ಲೆಕ್ಕ ಸಿಕ್ಕುವ ಯಾವ ಒಲಿಂಪಿಕ್ ಕೂಟವೂ ತನ್ನ ಅಂದಾಜಿನೊಳಗೆ ಮುಗಿದಿಲ್ಲವೆಂದು ಆಕ್ಸ್‌ಫರ್ಡ್ ವಿಶ್ವವಿದ್ಯಾಲಯದ ವಿದ್ವಾಂಸರು ಕಂಡುಕೊಂಡಿದ್ದಾರೆ. 1976ರಲ್ಲಿ ಕೆನಡಾದ ಮಾಂಟ್ರಿಯಲ್ ನಗರ ಮಾಡಿದ ಸಾಲ ತೀರಿದ್ದು 2006ರಲ್ಲಿ. ಆ ಮೂವತ್ತು ವರ್ಷ ಹೊಗೆಸೊಪ್ಪಿನ ಮೇಲೆ ಹಾಕಿದ ತೆರಿಗೆಯ ಹಣ ಆ ಸಾಲಕ್ಕೆ ಸಂದಿತು. ಓಟವನ್ನು ಕಣ್ಣಿನಿಂದ ಕಾಣದವನೂ, ಕೂಟ ಮುಗಿದ ಮೇಲೆ ಹುಟ್ಟಿದವನೂ ಸಿಗರೇಟು ಹಚ್ಚಿದಾಗಲೆಲ್ಲ ಆ ಕ್ರೀಡಾಂಗಣದ ಒಂದು ಕಲ್ಲಿಗೆ ಹಣ ತೆತ್ತನೆಂದಂತಾಯಿತು.

ದೆಹಲಿಯ ಲೆಕ್ಕವೂ ಸಣ್ಣದಲ್ಲ. 2003ರಲ್ಲಿ ಕೂಟವನ್ನು ಕೇಳಿಕೊಂಡಾಗ ಮಾಡಿದ ಅಂದಾಜು ಸುಮಾರು 1,200 ಕೋಟಿ ರೂಪಾಯಿ. ಕಡೆಗೆ ವೆಚ್ಚದ ಅಂದಾಜು 18,532 ಕೋಟಿಗೆ ಏರಿತೆಂದು ಭಾರತದ ಮಹಾಲೇಖಪಾಲರು 2011ರ ವರದಿಯಲ್ಲಿ ಬರೆದರು. ಒಂದಕ್ಕೆ ಹದಿನೈದು! ಮಗಳ ಮದುವೆಗೆ ಎರಡು ಲಕ್ಷವೆಂದು ಹೊರಟ ತಂದೆ ಮೂವತ್ತು ಲಕ್ಷದ ಚೀಟಿಯನ್ನು ಕಂಡರೆ ಏನಾಗಬೇಕೋ ಅದು ನಾಡಿಗೆ ಆಯಿತು. ಹೊಸಕೋಟೆಯ ಅಂಗಡಿಯವನಾಗಲಿ ದೇವನಹಳ್ಳಿಯಲ್ಲಿ ಚಕ್ಕೋತ ಬೆಳೆಯುವವನಾಗಲಿ ದೆಹಲಿಗೆ ಹೋಗಲಿಲ್ಲ. ಆದರೆ ಅವರು ಕೊಟ್ಟ ತೆರಿಗೆ ಹೋಗಿ ಬಂತು.

ಈ ಕಾರಣದಿಂದಲೇ ಹಿಂದೆ ಸರಿದವರೂ ಇದ್ದಾರೆ. 2026ರ ಕಾಮನ್‌ವೆಲ್ತ್ ಕೂಟವನ್ನು ಒಪ್ಪಿಕೊಂಡಿದ್ದ ಆಸ್ಟ್ರೇಲಿಯಾದ ವಿಕ್ಟೋರಿಯಾ ರಾಜ್ಯ, 260 ಕೋಟಿ ಡಾಲರ್ ಎಂದಿದ್ದ ವೆಚ್ಚ 600 ಕೋಟಿ ದಾಟುವುದೆಂದು ಹೇಳಿ 2023ರ ಜುಲೈನಲ್ಲಿ ಕೈಮುಗಿಯಿತು. ಕೂಟ ಗ್ಲಾಸ್ಗೋ ನಗರದ ಪಾಲಾಯಿತು. ಅವರು ಆಟಗಳನ್ನು ಹತ್ತಕ್ಕೆ ಇಳಿಸಿ, ಇದ್ದ ಕ್ರೀಡಾಂಗಣಗಳಲ್ಲೇ ನಡೆಸುವ ಯೋಜನೆ ಹಾಕಿಕೊಂಡರು. ಹಾಸಿಗೆ ಇದ್ದಷ್ಟು ಕಾಲು ಚಾಚುವ ಈ ನೀತಿ ಹೊಸದೇನಲ್ಲ. 1984ರಲ್ಲಿ ಲಾಸ್ ಏಂಜಲೀಸಿನವರು 1932ರ ಕೂಟ ನಡೆದಿದ್ದ ಹಳೆಯ ಕ್ರೀಡಾಂಗಣವನ್ನೇ ಮತ್ತೆ ಬಳಸಿ, ಖರ್ಚು ಕಳೆದು 20 ಕೋಟಿ ಡಾಲರಿಗೂ ಹೆಚ್ಚು ಉಳಿಸಿದರು.

ಉಳಿಯುವುದು ಏನು?

ಹಾಗಾದರೆ ಇಂಥ ಕೂಟಗಳೇ ಬೇಡವೆ? ಆ ತೀರ್ಮಾನವೂ ದುಡುಕಿನದು. 1951ರ ಮಾರ್ಚ್ 4ರಿಂದ 11ರವರೆಗೆ ಹೊಸ ದೆಹಲಿಯಲ್ಲಿ ಮೊದಲ ಏಷ್ಯನ್ ಕ್ರೀಡಾಕೂಟ ನಡೆದಾಗ ದೇಶ ಗಣರಾಜ್ಯವಾಗಿ ಒಂದು ವರ್ಷ ದಾಟಿತ್ತಷ್ಟೆ. ಸಿದ್ಧತೆ ಸಾಲದೆ 1950ರಲ್ಲಿ ನಡೆಯಬೇಕಿದ್ದ ಕೂಟವನ್ನು ಒಂದು ವರ್ಷ ಮುಂದೂಡಲಾಗಿತ್ತು. ಆದರೂ ಹನ್ನೊಂದು ದೇಶಗಳವರು ಬಂದರು. ಫುಟ್‌ಬಾಲಿನಲ್ಲಿ ಭಾರತ ಇರಾನನ್ನು ಸೋಲಿಸಿ ಚಿನ್ನ ಗೆದ್ದಿತು. ಬೆಂಗಳೂರಿನ ಅಹ್ಮದ್ ಖಾನ್ ಆ ತಂಡದಲ್ಲಿದ್ದರು. ಹೊಸ ನಾಡೊಂದು ನೆರೆಹೊರೆಯವರನ್ನು ಮನೆಗೆ ಕರೆದು ಉಪಚರಿಸಿದ ಆ ಎಂಟು ದಿನಗಳಿಗೆ ಬೆಲೆ ಕಟ್ಟುವುದು ಸುಲಭವಲ್ಲ.

ಇನ್ನೂ ಹತ್ತಿರದ ನಿದರ್ಶನ ಬೇಕೆಂದರೆ 1997ರ ರಾಷ್ಟ್ರೀಯ ಕ್ರೀಡಾಕೂಟವನ್ನು ನೆನೆಯಬಹುದು. ಅದು ಅಂತರರಾಷ್ಟ್ರೀಯವಲ್ಲದಿದ್ದರೂ ಹಲವು ಆಟಗಳ ದೊಡ್ಡ ಕೂಟ. ಅದಕ್ಕಾಗಿ ಕಂಠೀರವ ಕ್ರೀಡಾಂಗಣ ಹೊಸ ರೂಪವನ್ನು ತಾಳಿತು. ಕೋರಮಂಗಲದಲ್ಲಿ ಒಳಾಂಗಣ ಕ್ರೀಡಾಂಗಣ ಎದ್ದಿತು. ಆಟಗಾರರು ತಂಗಲು ಕಟ್ಟಿದ ವಸತಿಗಳು ಮುಂದೆ ಸಂಸಾರಸ್ಥರ ಮನೆಗಳಾದವು. ಆ ಬಡಾವಣೆಗೆ ನ್ಯಾಷನಲ್ ಗೇಮ್ಸ್ ವಿಲೇಜ್ ಎಂಬ ಹೆಸರೇ ನಿಂತಿತು. ಇಪ್ಪತ್ತೆಂಟು ವರ್ಷಗಳಾದ ಮೇಲೆ 86.18 ಮೀಟರಿನ ಎಸೆತ ಬಂದು ಬಿದ್ದದ್ದು ಅದೇ ಕಂಠೀರವದ ಹುಲ್ಲಿನ ಮೇಲೆ. ಕಟ್ಟಿದ್ದು ಬಳಕೆಯಾಗುತ್ತಿದ್ದರೆ ಖರ್ಚು ಆಸ್ತಿಯಾಗುತ್ತದೆ. ಬೀಗ ಬಿದ್ದರೆ ಅದೇ ಖರ್ಚು ಋಣವಾಗುತ್ತದೆ. ಈ ಒಂದು ಭೇದದಲ್ಲಿ ಇಡೀ ವಿಚಾರ ಅಡಗಿದೆ.

ಆಡುವವರ ಖರ್ಚಿನ ಮಾತು ಬೇರೆಯೇ ಇದೆ. 1920ರಲ್ಲಿ ಬೆಲ್ಜಿಯಂ ದೇಶದ ಆಂಟ್‌ವರ್ಪ್ ಒಲಿಂಪಿಕ್ಸಿಗೆ ಬೆಳಗಾವಿಯ ಫಡೆಪ್ಪ ದರೆಪ್ಪ ಚೌಗುಲೆ ಅವರು ಹೋಗುವಂತಾದುದಕ್ಕೆ ಸರ್ ದೊರಾಬ್ಜಿ ಟಾಟಾ ಅವರ ಔದಾರ್ಯ ದೊಡ್ಡ ಕಾರಣ. ಮ್ಯಾರಥಾನ್ ಓಟವನ್ನು ಎರಡು ಗಂಟೆ ಐವತ್ತು ನಿಮಿಷಗಳ ಆಸುಪಾಸಿನಲ್ಲಿ ಮುಗಿಸಿ ಚೌಗುಲೆ 19ನೆಯವರಾಗಿ ಬಂದರು. 1952ರ ಹೆಲ್ಸಿಂಕಿ ಕೂಟಕ್ಕೆ ಹೊರಟ ಜಟ್ಟಿ ಖಾಶಾಬಾ ಜಾಧವ್ ಅವರ ಪ್ರಯಾಣಕ್ಕಾಗಿ ಕೊಲ್ಹಾಪುರದ ರಾಜಾರಾಮ ಕಾಲೇಜಿನ ಪ್ರಾಂಶುಪಾಲ ಖರ್ಡೀಕರ್ ಅವರು ತಮ್ಮ ಮನೆಯನ್ನೇ ಒತ್ತೆಯಿಟ್ಟು 7,000 ರೂಪಾಯಿ ಕೊಟ್ಟರೆಂಬುದು ಪ್ರಸಿದ್ಧವಾದ ಸಂಗತಿ. ಜಾಧವ್ ಕಂಚಿನ ಪದಕ ತಂದರು. ಸ್ವತಂತ್ರ ಭಾರತದಲ್ಲಿ ಒಬ್ಬ ವ್ಯಕ್ತಿ ಗೆದ್ದ ಮೊದಲ ಒಲಿಂಪಿಕ್ ಪದಕವದು. ಕೂಟ ನಡೆಸಲು ಸಾವಿರಾರು ಕೋಟಿ ದೊರೆಯುವ ನಾಡಿನಲ್ಲಿ, ಆಡಬಲ್ಲ ಹುಡುಗನಿಗೋ ಹುಡುಗಿಗೋ ಒಂದು ಮನೆಯನ್ನು ಒತ್ತೆಯಿಡುವ ಕಾಲ ಮರಳಿ ಬರಬಾರದು.

ಕೇಳಬೇಕಾದ ಪ್ರಶ್ನೆಗಳು

ಅಹಮದಾಬಾದಿನ ಕೂಟಕ್ಕೆ ಇನ್ನೂ ಕಾಲವಿದೆ. ಬೆಂಗಳೂರಿನಿಂದ ಅಲ್ಲಿಗೆ ರೈಲಿನಲ್ಲಿ ಒಂದೂವರೆ ದಿನಕ್ಕೆ ಹತ್ತಿರದ ಪ್ರಯಾಣ. ಹೋಗುವ ಮನಸ್ಸಿರುವ ಸಂಸಾರಗಳು ಈಗಿನಿಂದಲೇ ತಿಂಗಳಿಗಿಷ್ಟೆಂದು ಎತ್ತಿಡತೊಡಗಿದರೆ ಆಗ ಭಾರವೆನಿಸದು. ಉದ್ಘಾಟನೆಯ ವೈಭವಕ್ಕೆ ಮನಸೋಲದೆ, ಮಕ್ಕಳಿಗೆ ಪ್ರಿಯವಾದ ಒಂದೆರಡು ಆಟಗಳ ಬೆಳಗಿನ ಸರದಿಗೆ ಟಿಕೆಟ್ ಕೊಳ್ಳುವುದು ಜಾಣತನ. ಪದಕದ ಸರದಿಗಿಂತ ಬೆಳಗಿನ ಅರ್ಹತಾ ಸರದಿಗಳಿಗೆ ದರ ಸಾಮಾನ್ಯವಾಗಿ ಕಡಿಮೆ, ಓಡುವವರು ಅವರೇ. ಟಿಕೆಟ್ ಕೈಗೆ ಬಂದ ಮೇಲೆ ವಸತಿಯನ್ನು ಗೊತ್ತುಮಾಡುವುದಕ್ಕಿಂತ, ಬೇಡವಾದರೆ ರದ್ದುಮಾಡಬಹುದಾದ ವಸತಿಯನ್ನು ಮೊದಲೇ ಹಿಡಿಯುವುದು ಲೇಸು. ಕೂಟದ ದಿನ ಸಮೀಪಿಸಿದಂತೆ ಟಿಕೆಟ್ಟಿನ ದರ ನಿಂತಲ್ಲೇ ನಿಂತರೂ ಕೋಣೆಯ ಬಾಡಿಗೆ ನಿಲ್ಲುವುದಿಲ್ಲ.

ಹೋಗಲಾಗದ ಸಂಸಾರಗಳಿಗೂ ಒಂದು ಹಕ್ಕಿದೆ. ಏಕೆಂದರೆ ಅವರೂ ತೆತ್ತವರೇ. ಅಗ್ಗದ ಟಿಕೆಟ್ಟುಗಳು ಎಷ್ಟೆಂದು ಮೊದಲೇ ಸಾರುವಿರಾ? ಗಣ್ಯರಿಗಾಗಿ ಕಾದಿರಿಸಿದ ಕುರ್ಚಿ ಬರಿದಾಗಿದ್ದರೆ ಅರ್ಧ ಗಂಟೆಯಲ್ಲಿ ಅದನ್ನು ಶಾಲೆಯ ಮಕ್ಕಳಿಗೆ ಬಿಡುವಿರಾ? ಆಟ ಮುಗಿಯುವ ಹೊತ್ತಿಗೆ ಊರೂರಿಗೆ ಬಸ್ಸು ಇರುವುದೆ? ಅಂದಾಜನ್ನು ಮೀರಿದ ಪ್ರತಿಯೊಂದು ರೂಪಾಯಿಗೂ ವರ್ಷ ವರ್ಷ ಲೆಕ್ಕ ಕೊಡುವಿರಾ? ಕಟ್ಟಿದ ಕ್ರೀಡಾಂಗಣದ ಬೀಗದ ಕೈ ಕೂಟ ಮುಗಿದ ಮರುದಿನ ಯಾರ ಹತ್ತಿರ ಇರುತ್ತದೆ? ಈ ಐದು ಪ್ರಶ್ನೆಗಳನ್ನು ಕೇಳುವುದು ದೇಶದ್ರೋಹವೂ ಅಲ್ಲ, ಹಬ್ಬಕ್ಕೆ ಅಪಶಕುನವೂ ಅಲ್ಲ. ಮದುವೆಗೆ ಮೊದಲು ಖರ್ಚಿನ ಪಟ್ಟಿಯನ್ನು ಮುಂದಿಟ್ಟುಕೊಂಡು ಕೂಡುವ ಗೃಹಿಣಿಯನ್ನು ಮಂಗಳಕಾರ್ಯಕ್ಕೆ ಅಡ್ಡಿಯೆಂದು ಯಾರೂ ಜರೆಯುವುದಿಲ್ಲ.

ಆರನೆಯ ಪ್ರಶ್ನೆಯೊಂದಿದೆ, ಅದನ್ನು ಅಹಮದಾಬಾದಿಗೆ ಕೇಳಬೇಕಾಗಿಲ್ಲ, ಇಲ್ಲಿಯೇ ಕೇಳಬೇಕು. ನೆಲಮಂಗಲದಲ್ಲಿ, ಹೊಸಕೋಟೆಯಲ್ಲಿ, ದೇವನಹಳ್ಳಿಯಲ್ಲಿ, ದೊಡ್ಡಬಳ್ಳಾಪುರದಲ್ಲಿ ಸಂಜೆ ಶಾಲೆ ಬಿಟ್ಟ ಮೇಲೆ ಒಬ್ಬ ಹುಡುಗಿ ನಿರ್ಭಯವಾಗಿ ನಾನೂರು ಮೀಟರ್ ಓಡಬಲ್ಲ ಬಯಲು ಎಷ್ಟು ಉಳಿದಿವೆ? ಬೆಂಗಳೂರು ಬೆಳೆದು ಬಂದಂತೆ ಈ ನಾಲ್ಕು ತಾಲ್ಲೂಕುಗಳಲ್ಲಿ ನೆಲದ ಬೆಲೆ ಏರುತ್ತಿದೆ. ಏರಿದ ನೆಲದ ಮೇಲೆ ಮೊದಲು ಕಣ್ಣು ಬೀಳುವುದು ಆಟದ ಬಯಲಿನ ಮೇಲೆಯೇ. ಮಹಾಕೂಟದಲ್ಲಿ ಒಂದು ಸಂಜೆಯ ಕುರ್ಚಿಯ ಬೆಲೆಯನ್ನು ಎಲ್ಲರೂ ಅಚ್ಚಾದ ಅಂಕಿಯಲ್ಲಿ ಓದಬಲ್ಲರು. ಊರಿನಲ್ಲಿ ಉಳಿದ ಒಂದು ಬಯಲಿಗೆ ಹಾಗೆ ಅಚ್ಚಾದ ಬೆಲೆಯಿಲ್ಲ. ಆದುದರಿಂದಲೇ ಅದು ಕಳೆದುಹೋಗುವುದು ಯಾರ ಲೆಕ್ಕಕ್ಕೂ ಬರುವುದಿಲ್ಲ. 2030ರ ಕೂಟಕ್ಕೆ ಹಣ ಕೂಡಿಡುವ ಮನೆಗಳು, ಅದರ ಜತೆಗೆ ತಮ್ಮ ಬೀದಿಯ ಕೊನೆಯಲ್ಲಿರುವ ಬಯಲನ್ನೂ ಉಳಿಸಿಕೊಳ್ಳುವ ಚಿಂತೆ ಮಾಡಿದರೆ, 2036ರ ವೇಳೆಗೆ ಆ ಹುಡುಗಿಯ ಓಟವನ್ನು ನೋಡುವುದಕ್ಕೆಂದೇ ಟಿಕೆಟ್ ಕೊಳ್ಳಬೇಕಾಗಿ ಬಂದೀತು. ಆ ಖರ್ಚಿಗೆ ಯಾವ ಮನೆಯ ಯಜಮಾನನೂ ಮುಖ ಗಂಟಿಕ್ಕಲಾರನು.